ಅಜ್ಜಿ ಯಾರ ಮಾತು ಕೇಳುತ್ತಾಳೆ?

ಮಾನ್ಯ ಅಧ್ಯಕ್ಷರೇ, ತುರ್ತು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಸಿಕೊಂಡು ಕುಳಿತಿರುವ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ನಗರಸಭೆಯ ವಿಪತ್ತು ನಿರ್ವಹಣಾ ಅಧಿಕಾರಿ ಮೇಡಂ ಅವರೇ, ಸಭಿಕರೇ,

ಸತ್ತವನಿಗೆ ಮೈಕು ಸಿಗುವುದು ಅಪರೂಪ. ಮೇಡಂ ನಡೆಸಿದ ಅಣಕು ಕಾರ್ಯಾಚರಣೆಗಳಲ್ಲಿ ನಾನು ಬೆಂಕಿಯಲ್ಲಿ ಬೆಂದಿದ್ದೇನೆ, ವಿಷಾನಿಲ ಕುಡಿದಿದ್ದೇನೆ, ಪ್ರವಾಹದಲ್ಲಿ ತೇಲಿದ್ದೇನೆ. ಪ್ರತಿ ಸಾವಿಗೂ ಒಂದು ಪೊಟ್ಟಣ ಬಿಸ್ಕತ್ತು. ನಿಮ್ಮಲ್ಲಿ ಯಾರಿಗಾದರೂ ಸಿಕ್ಕಿದೆಯೇ ಈ ಭಾಗ್ಯ?

ಯಾವ ಆಪತ್ತು ಬರುವ ಸಂಭವ ಎಷ್ಟು, ಬಂದರೆ ಎಷ್ಟು ಜನಕ್ಕೆ ಪೆಟ್ಟು ಎಂದು ತೂಗಿ ನೋಡಿದ ಮೇಡಂ ಲೆಕ್ಕದಲ್ಲಿ ನಮ್ಮ ನದಿಯೇ ಮೊದಲು. ದೋಣಿ, ಬಸ್ಸು, ಶಾಲೆಯ ಕೋಣೆ, ಎಲ್ಲದರ ಏರ್ಪಾಡೂ ಇತ್ತು. ಒಮ್ಮೆ ಪ್ರವಾಹದ ಅಣಕಿನಲ್ಲಿ ನನಗೆ ಕಿಡಿಗೇಡಿ ಬುದ್ಧಿ ಬಂತು. ಅಜ್ಜಿಯ ಶಾಲು ಹೊದ್ದು ಮಂಚದಲ್ಲಿ ಕುಳಿತು, ರಕ್ಷಣೆಗೆ ಬಂದವರಿಗೆ, "ನಾ ಬರಲ್ಲ, ಹೋಗ್ರಪ್ಪಾ" ಎಂದೆ. ಅವರು ಮುಖಮುಖ ನೋಡಿಕೊಂಡರು. ನಡೆಯಲಾರದವರಿಗೆ ಯೋಜನೆಯಲ್ಲಿ ಜಾಗವಿತ್ತು, ಬರಲೊಲ್ಲದವರಿಗೆ ಇರಲಿಲ್ಲ. ಎಲ್ಲರೂ ನಕ್ಕರು. ಮೇಡಂ ಮಾತ್ರ ಮಂಚದ ತುದಿಯಲ್ಲಿ ಕುಳಿತು ಕೇಳಿದರು: "ಅಜ್ಜಿ, ನೀವು ಯಾರ ಮಾತು ಕೇಳ್ತೀರಿ?"

ನನಗೆ ನಟನೆ ಮರೆತುಹೋಯಿತು. "ನಮ್ಮಜ್ಜಿ ಯಾರ ಮಾತೂ ಕೇಳಲ್ಲ ಮೇಡಂ. ತನ್ನ ನಾದಿನಿ ಹತ್ರ ಜಗಳ ಮಾತ್ರ ತಪ್ಪಿಸಲ್ಲ" ಎಂದೆ.

ಆಮೇಲೆ ನದಿ ದಂಡೆಯ ಮನೆಮನೆಯಲ್ಲೂ ಆ ಪ್ರಶ್ನೆ ಕೇಳಿಸಿದರು.

ನದಿ ನಿಜಕ್ಕೂ ಉಕ್ಕಿದ ವರ್ಷ, ಹೊರಡಲೊಲ್ಲದ ಅಜ್ಜಿಗೆ ಅಪ್ಪ ಕೈಮುಗಿದರು. ನಾನು ಅತ್ತುಬಿಟ್ಟೆ, ಇದು ಸಭೆಯ ಗುಟ್ಟಾಗಿಯೇ ಇರಲಿ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನೀರು ಹೊಸ್ತಿಲು ದಾಟಿತು. ಆಗ ಮೇಡಂ ದೋಣಿ ಬಾಗಿಲಿಗೆ ಬಂತು. ಅದರೊಳಗೆ ನಾದಿನಿಯಜ್ಜಿ.

"ನೀ ಬರ್ಬೇಡ ಅತ್ತಿಗೆ, ಅಲ್ಲೇ ಇರು. ಶಾಲೇಲಿ ಕಿಟಕಿ ಪಕ್ಕದ ಜಾಗ ನಾನೇ ಹಿಡ್ಕೋತೀನಿ."

ಅಜ್ಜಿ ಎದ್ದು ಕುಳಿತಳು. "ನಿನ್ನ ಮುಖಕ್ಕೆ ಕಿಟಕಿ ಬೇರೆ ಕೇಡು."

ಬೈಯುತ್ತಲೇ ದೋಣಿ ಹತ್ತಿದಳು. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಮಂಚದ ಪಕ್ಕದ ಗೋಡೆ ನಿಂತಿರಲಿಲ್ಲ.

ಮೇಡಂ, ನಾಳೆಯಿಂದ ನೀವೂ ದಂಡೆಯ ಬೀದಿಯಲ್ಲಿ ಒಬ್ಬರೇ ಇರುವವರು. ಮೊನ್ನೆ ನಿಮ್ಮದೇ ಪ್ರಶ್ನೆಯನ್ನು ನಿಮಗೆ ಕೇಳಿದೆ. ನೀವು "ನನಗೆ ಹೇಳೋರು ಯಾರಿದ್ದಾರೋ?" ಎಂದಿರಿ.

ಮುಂದಿನ ಸಾಲಿನಲ್ಲಿ ಒಂದೇ ಕುರ್ಚಿಯ ಕೈಗಾಗಿ ಮೊಣಕೈಯಲ್ಲಿ ತಿವಿದಾಡುತ್ತಿರುವ ಆ ಇಬ್ಬರು ಅಜ್ಜಿಯರನ್ನು ನೋಡಿ. ನೀರು ಬಂದ ದಿನ ನಿಮ್ಮ ಬಾಗಿಲಿಗೆ ಇಬ್ಬರೂ ಬರುತ್ತಾರಂತೆ. ಯಾರು ಮೊದಲು ಕರೆಯಬೇಕು ಎಂಬ ಜಗಳ ಈಗಾಗಲೇ ಶುರುವಾಗಿದೆ.

ನಾನು ಸತ್ತಾಗಲೂ ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.