ಮಗಳ ಕಾಲೇಜು ಖಾತೆಯ ವಿಷಯದಲ್ಲಿ ಗುಂಡಿ ಅಕ್ಕ ಕೊಟ್ಟ ಹೇಳಿಕೆ

ನಾನು, ಕಾರ್ಖಾನೆಯಲ್ಲೂ ಓಣಿಯಲ್ಲೂ ಗುಂಡಿ ಅಕ್ಕ ಎಂದೇ ಕರೆಸಿಕೊಳ್ಳುವವಳು, ವಯಸ್ಸು ನಲವತ್ತೊಂದು, ಉದ್ಯೋಗ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವುದು, ವಾಸ ಬಸ್ ಡಿಪೋ ಹಿಂದಿನ ಓಣಿಯ ಕಟ್ಟಡದ ಮೂರನೆಯ ಮಹಡಿ, ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ತೀರಿಕೊಂಡಿದ್ದಾರೆ. ಒಬ್ಬಳೇ ಮಗಳು, ಹದಿನೇಳು ವರ್ಷ. ಅವಳು ಒಂದನೆಯ ತರಗತಿಗೆ ಸೇರಿದಾಗ ಎಲ್ಲ ಮಕ್ಕಳಿಗೆ ಮಾಡಿದಂತೆ ಅವಳ ಹೆಸರಿನಲ್ಲೂ ನಗರಸಭೆಯವರು ಕಾಲೇಜು ಉಳಿತಾಯ ಖಾತೆ ತೆರೆದರು. ಮೊದಲ ಹಣ ಅವರದೇ. ನಾನು ವರ್ಷವಿಡೀ ಹಾಕಿದಷ್ಟನ್ನು ವರ್ಷದ ಕೊನೆಗೆ ಅವರೂ ಸೇರಿಸುತ್ತಾರೆ. ಅದೇ ಯೋಜನೆಯಲ್ಲಿ ಶನಿವಾರ ಮಧ್ಯಾಹ್ನ ಕಾಲೇಜು ತಯಾರಿ ತರಗತಿಯೂ ಉಂಟು, ಅದಕ್ಕೆ ಶುಲ್ಕವಿಲ್ಲ. ಅಲ್ಲಿನ ಮೇಡಂ ಕಳೆದ ತಿಂಗಳು ಮಕ್ಕಳನ್ನು ಕಾಲೇಜು ನೋಡಲು ಕರೆದುಕೊಂಡು ಹೋಗಿದ್ದರು. ಆ ದಿನ ಮಗಳು ಪ್ರಯೋಗಾಲಯದ ವಿಷಯ ಹೇಳುತ್ತ ಕೂತವಳು ತಟ್ಟೆಯಲ್ಲಿದ್ದ ಊಟವನ್ನೇ ಮರೆತಳು.

ನಿನ್ನೆ ಭಾನುವಾರ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ಒಬ್ಬ ಮನುಷ್ಯ ಬಾಗಿಲು ತಟ್ಟಿದ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೈಲು, ವಯಸ್ಸು ಮೂವತ್ತರ ಆಸುಪಾಸು. ತಾನು ಖಾತೆಗಳ ಕಚೇರಿಯವನೆಂದ. ಮಗಳ ಖಾತೆ ನವೀಕರಣವಾಗಿಲ್ಲ, ಸಂಜೆಯೊಳಗೆ ದಂಡ ಕಟ್ಟದಿದ್ದರೆ ರದ್ದಾಗುತ್ತದೆ ಎಂದ. ಮನೆಯಲ್ಲಿ ಅಷ್ಟು ದುಡ್ಡು ಇರಲಿಲ್ಲ. ಕಿವಿಯ ಓಲೆ ಬಿಚ್ಚಿ ಮೇಜಿನ ಮೇಲಿಟ್ಟೆ. ಬೇಡವೆಂದು ಅವನು ಹೇಳಲಿಲ್ಲ.

ಅಷ್ಟರಲ್ಲಿ ತಾರಸಿಯಲ್ಲಿ ಬಟ್ಟೆ ಹರವಲು ಹೋಗಿದ್ದ ಮಗಳು ಕೆಳಗಿಳಿದು ಬಂದಳು. ನನ್ನ ಬರಿಗಿವಿ ನೋಡಿದಳು, ಓಲೆ ನೋಡಿದಳು. ಅವನಿಗೆ ಕುಡಿಯಲು ನೀರು ಕೊಟ್ಟು ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ದಂಡ ಯಾವ ತಪ್ಪಿಗೆ ಎಂದು ವಿಚಾರಿಸಿದಳು. ಅವನು ನಿಯಮ ಬದಲಾಗಿದೆ ಎಂದ. ಯಾವಾಗ ಬದಲಾಯಿತು ಎಂದಳು. ಮೊನ್ನೆ ಎಂದ. ನಿನ್ನೆ ಶನಿವಾರ ತರಗತಿ ಇತ್ತು, ಅಲ್ಲಿ ಯಾರೂ ಹೇಳಲಿಲ್ಲವಲ್ಲ ಎಂದಳು. ಸಾಹೇಬರಿಗೆ ಎದುರು ಮಾತಾಡಬೇಡ ಎಂದು ನಾನು ಮಗಳನ್ನೇ ಗದರಿದೆ. ಇದನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ.

ಅವಳು ದನಿ ಏರಿಸಲಿಲ್ಲ. "ಸರ್, ಈ ದುಡ್ಡು ಕಾಲೇಜಿಗೆ ಬಿಟ್ಟು ಬೇರೆ ಎಲ್ಲಿಗೂ ಹೋಗೋದಿಲ್ಲ, ಇದಕ್ಕೆ ಮನೇಲಿ ಯಾರೂ ಶುಲ್ಕ, ದಂಡ ಅಂತ ಏನೂ ಕೊಡಬೇಕಾಗಿಲ್ಲ ಅಂತ ನಮಗೆ ಹೇಳಿದ್ದಾರೆ. ಹಾಗಿದ್ರೆ ಅಮ್ಮನ ಓಲೆ ಎಲ್ಲಿಗೆ ಹೋಗುತ್ತೆ?" ಎಂದಳು.

ಮಗಳು ಮೇಡಂಗೆ ಫೋನು ಹಚ್ಚಿ ಮೇಜಿನ ಮೇಲಿಟ್ಟು, ಅವರು ಲೈನಿನಲ್ಲಿದ್ದಾರೆ, ನೀವೇ ಮಾತಾಡಿ ಎಂದಳು. ಅವನು ಫೈಲು ಎತ್ತಿಕೊಂಡು ಎದ್ದ. ಮಾತು ಕೇಳಿಸಿಕೊಂಡಿದ್ದ ಎದುರು ಮನೆಯ ಡ್ರೈವರಣ್ಣ ಮೆಟ್ಟಿಲಿಗೆ ಅಡ್ಡ ನಿಂತು ಹೊಡೆಯಲು ಕೈ ಎತ್ತಿದ. ಮಗಳು ತಡೆದಳು. ಆ ಮನುಷ್ಯ ಓಡಲಿಲ್ಲ, ಮೆಟ್ಟಿಲ ಮೇಲೆ ಕುಸಿದು ಕೂತ. ಕೆಳಮನೆಯ ಅಜ್ಜಿಯಿಂದಲೂ ಇದೇ ನೆಪ ಹೇಳಿ ಆಗಲೇ ಹಣ ಪಡೆದಿದ್ದೇನೆಂದು ಒಪ್ಪಿಕೊಂಡು ಜೇಬಿನಿಂದ ತೆಗೆದುಕೊಟ್ಟ. ಡ್ರೈವರಣ್ಣ ಫೋನು ಮಾಡಿದ ಮೇಲೆ ಪೊಲೀಸಿನವರು ಬಂದು ಆ ಹಣ ವಶಕ್ಕೆ ಪಡೆದು ಅವನನ್ನು ಕರೆದೊಯ್ದರು. ಅವರಿಗಾಗಿ ಕಾಯುವಾಗ ಅವನು ಮಗಳನ್ನು ಮುಂದೆ ಏನು ಓದುತ್ತೀಯ ಎಂದು ಕೇಳಿದ. ರಸಾಯನಶಾಸ್ತ್ರ ಎಂದಳು. ಅವನು ಮತ್ತೆ ತಲೆ ಎತ್ತಲಿಲ್ಲ.

ಮೇಡಂ ರಜೆಯ ದಿನವಾದರೂ ಎರಡು ಬಸ್ಸು ಬದಲಿಸಿ ಬಂದರು. ಖಾತೆ ತೆರೆದು ತೋರಿಸಿದರು, ಎಲ್ಲ ಹಾಗೆಯೇ ಇತ್ತು. ಆಮೇಲೆ ನನ್ನನ್ನು ಜೊತೆಗೆ ಕರೆದುಕೊಂಡು ಓಣಿಯ ಮನೆಮನೆಗೂ ಹೋಗಿ ಎಚ್ಚರಿಕೆ ಹೇಳಿದರು. ನಾನು ಕೈ ಮುಗಿದಾಗ, ನನಗಲ್ಲಕ್ಕ, ಇದು ಊರಿನವರೆಲ್ಲ ಕಟ್ಟಿದ ತೆರಿಗೆ ಎಂದರು. ಊರಿನವರೆಲ್ಲರಿಗೂ ಕೈ ಮುಗಿಯುವುದು ಹೇಗೆಂದು ನನಗೆ ತಿಳಿಯದ ಕಾರಣ ಇಲ್ಲಿ ಬರೆಸುತ್ತಿದ್ದೇನೆ. ಇದು ಪ್ರಕರಣಕ್ಕೆ ಸಂಬಂಧಪಟ್ಟಿದ್ದಲ್ಲ ಎಂದು ಬರೆದುಕೊಳ್ಳುತ್ತಿರುವವರು ಹೇಳಿದರು. ಇರಲಿ, ಬರೆಯಿರಿ ಎಂದೆ. ಬರೆದರು.

ಹುಟ್ಟಿದಾಗಿನಿಂದ ನಾನು ಮೇಜಿನ ಆಚೆ ಕೂತವರು ಹೇಳಿದ್ದಕ್ಕೆಲ್ಲ ಹೂಂ ಅಂದವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾಯುವುದನ್ನು ಯಾರೋ ಶನಿವಾರ ಶನಿವಾರ ಕೂರಿಸಿಕೊಂಡು ಕಲಿಸಿದ್ದಾರೆ. ಆ ಋಣ ದೊಡ್ಡದು.

ಆ ಮನುಷ್ಯನ ಮೇಲೆ ಕಾನೂನಿನಂತೆ ಕ್ರಮ ತೆಗೆದುಕೊಳ್ಳಬೇಕು, ಹೊಡೆಯಬಾರದು. ಅಜ್ಜಿಯ ಹಣ ಬೇಗ ಅವರ ಕೈ ಸೇರಬೇಕು. ಇನ್ನೊಂದು ವಿನಂತಿ: ವಿಚಾರಣೆಗೆ ನಾಳೆ ಬರಬೇಕೆಂದು ತಿಳಿಸಿದ್ದೀರಿ. ನಾಳೆ ನನಗೂ ಮಗಳಿಗೂ ಬರಲಾಗುವುದಿಲ್ಲ. ನಾಳೆ ಅವಳಿಗೆ ಕಾಲೇಜಿನಲ್ಲಿ ಸಂದರ್ಶನವಿದೆ, ನಾನು ಕಾರ್ಖಾನೆಗೆ ರಜೆ ಹಾಕಿ ಗೇಟಿನವರೆಗೆ ಹೋಗುತ್ತಿದ್ದೇನೆ. ನಾಡಿದ್ದು ಯಾವ ಹೊತ್ತಿಗೆ ಕರೆದರೂ ಹಾಜರಾಗುತ್ತೇವೆ.

ಇದಿಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಇಷ್ಟೇ, ಎಲ್ಲವೂ ನಿಜ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನ: ಸೋಮವಾರ, ಸಂಜೆ

(ಸಹಿ) ಗುಂಡಿ ಅಕ್ಕ