ಮಗಳ ಅಂಕಣದಲ್ಲಿ ನನ್ನ ಸೀಟಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ನಮ್ಮ ತಂಡದ ಹುಡುಗಿಯರೇ, ಅವರನ್ನು ಕರೆದೊಯ್ಯಲು ಬಂದು ಇಲ್ಲಿ ಸಿಕ್ಕಿಹಾಕಿಕೊಂಡಿರುವ ತಂದೆತಾಯಂದಿರೇ, ಸಭಿಕರೇ,

ಬ್ಯಾಸ್ಕೆಟ್‌ಬಾಲ್ ಕೋಚ್ ಕೆಲಸದಿಂದ ಇಂದು ನನ್ನನ್ನು ಬೀಳ್ಕೊಡುತ್ತಿದ್ದೀರಿ. ನಾಳೆಯಿಂದ ಈ ತಂಡ ನನ್ನ ಮಗಳ ಕೈಗೆ. ಆದರೆ ಅಧ್ಯಕ್ಷರು ಈಗಷ್ಟೇ ನನ್ನನ್ನು ಕಾಯಂ ಸಲಹೆಗಾರನೆಂದು ಘೋಷಿಸಿದ್ದಾರೆ. ದಿನಾ ಸಂಜೆ ಬಂದು ಅಂಕಣದ ಪಕ್ಕ ಕುಳಿತರೆ ಸಾಕಂತೆ. ಬೀಳ್ಕೊಟ್ಟ ಹಾಗೂ ಆಯಿತು, ಕಟ್ಟಿಹಾಕಿದ ಹಾಗೂ ಆಯಿತು. ನಿಮ್ಮ ದೊಡ್ಡ ಮನಸ್ಸಿಗೆ ನಾನು ಋಣಿ.

ಸಲಹೆಗಾರನೆಂದ ಮೇಲೆ ಸಲಹೆ ಕೊಡದಿದ್ದರೆ ಹೇಗೆ? ಅಭ್ಯಾಸ ಮಾಡಿಸುವುದೆಂದರೇನು? ಚೆಂಡು ಎಸೆದು "ಆಡ್ಕೊಳ್ರಮ್ಮ" ಎನ್ನುವುದೇ? ಅಲ್ಲ. ಅಂಕಣಕ್ಕೆ ಕಾಲಿಡುವ ಮೊದಲೇ ಇಡೀ ಸಂಜೆ ಕೋಚ್ ತಲೆಯಲ್ಲಿ ಆಡಿ ಮುಗಿದಿರಬೇಕು. ಹೊಸದನ್ನು ಕಲಿಸುವುದು ಮೊದಲು, ಕಾಲಿನಲ್ಲಿ ಕಸುವಿರುವಾಗ. ಎದುರಾಳಿಯ ತಪ್ಪಿಗೆ ನಮಗೆ ಸಿಗುವ ಎಸೆತ, ಫ್ರೀ ಥ್ರೋ, ಕೊನೆಗೆ, ಏದುಸಿರು ಬಿಡುವಾಗ. ಪಂದ್ಯದಲ್ಲಿ ಅದು ಸಿಗುವುದು ಸುಸ್ತಾದಾಗಲೇ ಅಲ್ಲವೇ? ಇನ್ನು, ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೇ ಚೆಂಡು ಕೊಡುವವರಿದ್ದಾರೆ. ಅದೇನು ಟಿಕೆಟ್ ಕೌಂಟರೇ? ಸಣ್ಣ ಸಣ್ಣ ಗುಂಪು ಮಾಡಿ, ಎಲ್ಲರ ಕೈಗೂ ಕೆಲಸ ಕೊಡಿ. ಹಾಗೆ ಮಾಡಿಯೇ ನಾವು ಕಪ್ ಗೆದ್ದೆವು. ಅದೃಷ್ಟ ಎನ್ನುವವರು ಹೊಟ್ಟೆಕಿಚ್ಚಿನವರು. ಮನೆಯಲ್ಲಿ ನನ್ನ ಯೋಜನೆ ಯಾವುದೂ ನಡೆಯುವುದಿಲ್ಲ, ಆ ಮಾತು ಬೇರೆ. ಅಲ್ಲಿ ಕೋಚ್ ನನ್ನ ಹೆಂಡತಿ. ನಾನು ಮೊದಲಿನಿಂದಲೂ ಬದಲಿ ಆಟಗಾರ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಅಭ್ಯಾಸದ ಕೊನೆಯ ಭಾಗದಲ್ಲಿ ಕೋಚ್ ಬಾಯಿ ಮುಚ್ಚಿಕೊಂಡಿರಬೇಕು. ಹುಡುಗಿಯರೇ ಯೋಚಿಸಲಿ, ತಪ್ಪಲಿ, ತಾವೇ ತಿದ್ದಿಕೊಳ್ಳಲಿ. ಇದನ್ನು ಮಗಳಿಗೆ ಹೇಳಿಕೊಟ್ಟವನೂ ನಾನೇ. ಎಷ್ಟು ಚೆನ್ನಾಗಿ ಕಲಿತಿದ್ದಾಳೆಂದು ಹೋದ ವಾರ ಗೊತ್ತಾಯಿತು. ಅಂದು ನನ್ನ ಬದಲು ಅವಳು ಅಭ್ಯಾಸ ಮಾಡಿಸುತ್ತಿದ್ದಳು, ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಹುಡುಗಿಯರ ಪಾಸು ತಪ್ಪುತ್ತಲೇ ಇತ್ತು. ಇವಳು ಕೈಕಟ್ಟಿ ನೋಡುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ಸೀಟಿ ತೆಗೆದು ಊದಿಬಿಟ್ಟೆ. ಊದಿದರೆ ತಪ್ಪೇನು? ಪಾಸು ತಪ್ಪಾಗಿತ್ತಲ್ಲ. ಇಡೀ ತಂಡ ಅಲ್ಲೇ ನಿಂತು ನನ್ನ ಕಡೆ ತಿರುಗಿತು. ಮಗಳ ಕಡೆ ಒಬ್ಬಳೂ ನೋಡಲಿಲ್ಲ. ನಾನು ಕೆಳಗಿಳಿದು ಎಲ್ಲ ಸರಿಪಡಿಸಿದೆ.

ಮನೆಗೆ ನಡೆಯುವಾಗ ಅವಳು ರೇಗಲಿಲ್ಲ. "ಅಪ್ಪಾ, ಪಾಸು ತಪ್ತಿದ್ದಿದ್ದು ನಂಗೂ ಕಾಣ್ತಿತ್ತು. ಇನ್ನೊಂದ್ಸಲ ತಪ್ಪಿದ್ರೆ ಅವ್ರೇ ಸರಿ ಮಾಡ್ಕೋತಿದ್ರು. ಈಗ ಪಂದ್ಯದಲ್ಲಿ ತಪ್ಪಿದ್ರೆ ಯಾರ ಮುಖ ನೋಡ್ತಾರೆ, ನಂದಾ ನಿಮ್ದಾ?" ಎಂದಳು. ನಾನು ಮಾತು ಬದಲಾಯಿಸಿ, ರಸ್ತೆಯ ಹೊಂಡಗಳನ್ನು ಬೈಯುತ್ತಾ ಮನೆ ಸೇರಿದೆ.

ಅಧ್ಯಕ್ಷರು 'ಸಲಹೆಗಾರ' ಎಂದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅವಳೂ ತಟ್ಟಿದಳು, ಆದರೆ ತಲೆ ತಗ್ಗಿಸಿಕೊಂಡು. ನಾನು ನೋಡಲಿಲ್ಲವೆಂದು ಅವಳು ತಿಳಿದಿರಬೇಕು. ನಿಜ ಹೇಳುತ್ತೇನೆ, ಈ ಮೈಕಿನ ಮುಂದೆ ಬಂದಾಗ ಒಪ್ಪಿಕೊಳ್ಳುವ ಮನಸ್ಸೇ ಇತ್ತು. ಈಗ ಇಲ್ಲ. ಅಧ್ಯಕ್ಷರೇ, ಬೇಸರ ಮಾಡಿಕೊಳ್ಳಬೇಡಿ, ಆ ಹುದ್ದೆ ನನಗೆ ಬೇಡ. ಅಂಕಣ ಬಿಟ್ಟಿರುವುದು ನನಗೆ ಸಂಕಟವೇ. ಇರಲಿ, ಅಭ್ಯಾಸ ಮಾಡಿಕೊಳ್ಳುತ್ತೇನೆ.

ಬಾಗಿಲ ಬಳಿ ನಿಂತಿರುವ ನಮ್ಮ ಕಾವಲುಗಾರರಲ್ಲಿ ಒಂದು ಕೋರಿಕೆ. ನಾಳೆ ಸಂಜೆ ಈ ಕಾಲುಗಳು ತಾವಾಗಿಯೇ ನನ್ನನ್ನು ಗೇಟಿನವರೆಗೆ ತಂದಾವು. ದಯವಿಟ್ಟು ತೆಗೆಯಬೇಡಿ. "ಕೋಚ್ ಒಳಗಿದ್ದಾರೆ, ನಿಮಗೆ ಯಾರು ಬೇಕಿತ್ತು?" ಎಂದು ಕೇಳಿ.

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.