ಅಳಿಯನ ಕೈಗಡಿಯಾರ

ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ ಎಂದು ನಾನು ಶುರು ಮಾಡಿದ ಕೂಡಲೇ ನೀವೆಲ್ಲ ಕಾಲು ಚಾಚಿ, ಗುಡಿಯ ಕಂಬಕ್ಕೆ ಒರಗಿ, ಆರಾಮಾಗಿ ಕೂರುತ್ತೀರಿ. ಶ್ರೀಮಂತನ ಕಥೆ ತಾನೇ, ಬೈಸಿಕೊಳ್ಳುವವನು ಅವನು, ನಮಗೇನು ಎಂದು. ಇವತ್ತು ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ. ಇವನು ಕೆಟ್ಟವನಲ್ಲ. ದಾನಧರ್ಮ ಮಾಡುವವನು, ಬಾಯಲ್ಲಿ ಒಂದು ಹೊಲಸು ಮಾತಿಲ್ಲ. ಅವನಿಗೆ ಒಬ್ಬಳೇ ಮಗಳು, ಪ್ರಾಣಕ್ಕಿಂತ ಹೆಚ್ಚು. ಆ ಮಗಳ ಹೆಸರನ್ನು ನಾನು ಹೇಳುವುದಿಲ್ಲ. ನಿಮ್ಮ ಮನೆಯ ಮಗಳ ಹೆಸರನ್ನೇ ಇಟ್ಟುಕೊಳ್ಳಿ.

ಮಗಳಿಗೆ ಗಂಡು ಗೊತ್ತಾಯಿತು. ಹೇಗೆ ಗೊತ್ತಾಯಿತು? ನಮ್ಮಲ್ಲಿ ಆಗುವ ಹಾಗೆಯೇ. ಹುಡುಗ ಬಂದ, ಕೇಸರಿಬಾತು ತಿಂದ, ಹಿರಿಯರ ಕಾಲಿಗೆ ಬಿದ್ದ, ಜಾತಕ ಕೂಡಿತು. ಕುಡಿದ ಕಾಫಿ ಲೋಟ ಒಳಗೆ ಹೋಗುವಷ್ಟರಲ್ಲಿ ಮಾತು ಮುಗಿದಿತ್ತು.

ಇನ್ನು ಅಳಿಯನಿಗೆ ವಾಚು ಕೊಡಬೇಕಲ್ಲ! ಮಾವ ಅಳಿಯನ ಕೈಗೆ ವಾಚು ಕಟ್ಟುವುದು ನಮ್ಮಲ್ಲಿ ಇದ್ದದ್ದೇ. ಎಲ್ಲರೂ ಕೊಡುವಂಥದ್ದನ್ನು ತಾನು ಕೊಡಬಾರದು ಎಂದು ಶ್ರೀಮಂತನಿಗೆ ಆಸೆ. ಅಲ್ಲಿಂದ ಶುರುವಾಯಿತು ನೋಡಿ, ಪರೀಕ್ಷೆ. ಗಂಡಿಗಲ್ಲ, ವಾಚಿಗೆ.

ಊರಿನ ಅಂಗಡಿ ಹಿಡಿಸಲಿಲ್ಲ. ಪಟ್ಟಣಕ್ಕೆ ಹೋದ. ಅಲ್ಲಿ ಒಂದು ಕಣ್ಣಿಗೆ ಬಿತ್ತು. ಉಕ್ಕಿನದು, ಚೈನೂ ಉಕ್ಕಿನದೇ, ಬಿಲ್ಲೆಯಷ್ಟು ತೆಳ್ಳಗೆ. ಮುಖದ ಮೇಲೆ ತಾರೀಕಿಲ್ಲ, ಥಳಕಿಲ್ಲ, ಎರಡೇ ಮುಳ್ಳು. ಸೂಟು ಹಾಕಿದಾಗ ಅಂಗಿಯ ತೋಳಿನೊಳಗೆ ಸದ್ದಿಲ್ಲದೆ ಜಾರಿಕೊಳ್ಳುವ ವಾಚು. ನಂಬಿಕೆಯ ಗಿರಾಕಿ ಎಂದು ಅಂಗಡಿಯವರು ಮನೆಗೇ ಕೊಟ್ಟು ಕಳಿಸಿದರು, ನೋಡಿ ನಿಧಾನವಾಗಿ ಹೇಳಿ ಎಂದು.

ಹೆಂಡತಿ ಕೇಳಿದಳು: "ಅಲ್ಲಾ ರೀ, ಚಿನ್ನದ್ದೇ ತಗೋಬಾರ್ದಾ? ಸ್ಟೀಲು ಅಂದ್ರೆ ಬೀಗರು ಏನಂದ್ಕೋತಾರೆ?"

"ನಿಂಗೆ ಗೊತ್ತಾಗಲ್ಲ ಕಣೇ. ಇದು ಪಾತ್ರೆ ಸ್ಟೀಲಲ್ಲ. ಚಿನ್ನ ಮೆತ್ತಗೆ, ಬೇಗ ಗೀರು ಬೀಳತ್ತೆ. ಇದು ಹಂಗಲ್ಲ, ಎಂಥಾ ಏಟಿಗೂ ಬಗ್ಗಲ್ಲ."

ಏನು ನೋಡಿದ ಅಂತೀರಿ! ಬಿಸಿಲಿಗೆ ಹಿಡಿದು ನೋಡಿದ, ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಕಿವಿಗೆ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೇಳಿದ. ಭೂತಗನ್ನಡಿ ತರಿಸಿ ಮುಳ್ಳಿನ ತುದಿ ನೋಡಿದ. ತನ್ನ ಕೈಗೇ ಕಟ್ಟಿಕೊಂಡು ಚೈನು ಕೂದಲು ಹಿಡಿದು ಎಳೆಯುತ್ತದೆಯೋ ಎಂದು ನೋಡಿದ. ಒಂದೊಂದು ಕೊಂಡಿಯ ಅಂಚಿಗೂ ಹೆಬ್ಬೆರಳು ಸವರಿದ. ಯಾಕೆ? ಅಳಿಯನ ಮಣಿಕಟ್ಟಿಗೆ ಒಂದು ಗೀರೂ ಬೀಳಬಾರದು.

ಹೀಗೆ ಅವನು ಒಂದು ಸಂಜೆ ಕೊಂಡಿ ಸವರುತ್ತ ಕೂತಿದ್ದಾಗ ಮಗಳು ಬಂದು ಪಕ್ಕದಲ್ಲಿ ನಿಂತಳು. ಹಿಂದಿನ ದಿನ ಅವಳು ಆ ಹುಡುಗನ ಜೊತೆ ಹೋಟೆಲಿಗೆ ಹೋಗಿ ಬಂದಿದ್ದಳು.

"ಅಪ್ಪಾ, ಒಂದು ಮಾತು ಹೇಳ್ಬೇಕಿತ್ತು. ಅವರಿಗೆ ಸಿಟ್ಟು ಬಂದ್ರೆ ಒಂಥರಾ ಆಗ್ತಾರೆ. ಮಾಣಿ ತಟ್ಟೆ ತರೋದು ತಡ ಮಾಡ್ದ ಅಂತ ಅವನ ಕೆನ್ನೆಗೆ ಹೊಡೆದ್ರು. ಆಮೇಲೆ ಏನೂ ಆಗಿಲ್ಲ ಅನ್ನೋ ಹಂಗೆ ನಗ್ತಾ ಕೂತ್ರು. ನಂಗೆ ಭಯ ಆಗತ್ತಪ್ಪ."

ಅಪ್ಪ ಭೂತಗನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ಗಂಡಸಂದ ಮೇಲೆ ಸಿಟ್ಟು ಇರಬೇಕಮ್ಮ. ಮದುವೆ ಆದ್ಮೇಲೆ ಎಲ್ಲ ಸರಿಹೋಗತ್ತೆ. ಸ್ವಲ್ಪ ಆ ದೀಪ ಈ ಕಡೆ ತಿರುಗ್ಸು."

ಮಗಳು ದೀಪ ತಿರುಗಿಸಿದಳು. ಒಳಗೆ ಹೋದಳು.

ನಗಬೇಡಿ. ಯಾರೋ ನಕ್ಕಿರಿ, ಕೇಳಿಸಿತು. ಮಗಳು ಮಾತಾಡುವಾಗ ನಿಮ್ಮ ಕಣ್ಣು ಎಲ್ಲಿರುತ್ತದೆ? ಫೋನಿನಲ್ಲಿ ಇರುತ್ತದೆ, ಟೀವಿಯಲ್ಲಿ ಇರುತ್ತದೆ. ಅವನ ಕಣ್ಣು ವಾಚಿನಲ್ಲಿತ್ತು, ಅಷ್ಟೇ.

ಮದುವೆ ಆಯಿತು, ಬಲು ಜೋರಾಗಿ ಆಯಿತು. ಬೀಗರು ವಾಚನ್ನು ಕೈಯಿಂದ ಕೈಗೆ ದಾಟಿಸಿ ಹೊಗಳಿದರು. ಆಷಾಢ ಬಂತು. ಹೊಸ ಮದುವಣಗಿತ್ತಿ ತವರಿಗೆ ಬಂದಳು. ಸೆರಗು ಕೆನ್ನೆಯವರೆಗೂ ಎಳೆದುಕೊಂಡಿದ್ದಳು. ತಾಯಿ ಆ ಸೆರಗು ಸರಿಸಿದಳು.

ಕೆನ್ನೆಯ ಮೇಲೆ ಬರೆ. ಒಂದರ ಪಕ್ಕ ಒಂದು, ಸಾಲಾಗಿ, ಅಚ್ಚು ಒತ್ತಿದ ಹಾಗೆ. ಅಪ್ಪನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಒಂದೊಂದು ಕೊಂಡಿಯನ್ನೂ ಹೆಬ್ಬೆರಳಿನಲ್ಲಿ ಸವರಿದವನು ಅವನೇ ಅಲ್ಲವೇ? ತಾನು ಆರಿಸಿ ತಂದದ್ದರ ಗುರುತು ಅವನಿಗೆ ಸಿಗದೆ ಇದ್ದೀತೆ?

"ನಾನು ಮತ್ತೆ ಅಲ್ಲಿಗೆ ಹೋಗಲ್ಲಪ್ಪ," ಎಂದಳು ಮಗಳು. ಅಳಲಿಲ್ಲ. ಬರೀ ಹಾಗೆಂದಳು.

ಅಪ್ಪ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ಎದೆ ಒಡೆಯುವ ಹಾಗೆ ಅತ್ತ. ಇದನ್ನೂ ಹೇಳುತ್ತಿದ್ದೇನೆ, ಯಾಕೆಂದರೆ ಅವನು ಕಲ್ಲು ಹೃದಯದವನು, ನಾವು ಹಾಗಲ್ಲ ಎಂದು ನೀವು ತಪ್ಪಿಸಿಕೊಳ್ಳಬಾರದು. ಹಾಗಾದರೆ ಶ್ರಾವಣ ಬಂದಾಗ ಅವನು ಏನು ಮಾಡಿದ? ಕಾರು ತೆಗೆದು, ಮಗಳನ್ನು ಕೂರಿಸಿಕೊಂಡು, ತಾನೇ ಗಂಡನ ಮನೆಗೆ ಬಿಡಲು ಹೊರಟ. ಊರಿನ ಬಾಯಿಗೆ ಹೆದರಿದ. ಅಷ್ಟು ದೊಡ್ಡ ಮದುವೆ ಮಾಡಿದವನಿಗೆ ಮಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ಸಾಲಲಿಲ್ಲ. "ಸ್ವಲ್ಪ ಹೊಂದ್ಕೊಂಡು ಹೋಗು ತಾಯಿ," ಎಂದು ದಾರಿಯುದ್ದಕ್ಕೂ ಹೇಳಿದ. ಅವಳು ಕಿಟಕಿಯ ಆಚೆ ನೋಡುತ್ತ ಕೂತಿದ್ದಳು.

ಗೇಟಿನಲ್ಲಿ ಅಳಿಯ ನಗುನಗುತ್ತ ಬಂದು ಕಾಲಿಗೆ ಬಿದ್ದ. ಕೈಯಲ್ಲಿ ವಾಚು ಹೊಳೆಯುತ್ತಿತ್ತು. ಶ್ರೀಮಂತನ ಎದೆಯಲ್ಲಿ ನೂರು ಮಾತು ಕುದಿಯುತ್ತಿದ್ದವು. ನನ್ನ ಮಗಳ ಮೇಲೆ ಇನ್ನೊಮ್ಮೆ ಕೈ ಎತ್ತಿದರೆ, ಎಂದು ಹೇಳಬೇಕು. ನಾಲಿಗೆ ತುದಿಗೆ ಬಂತು. ಬಾಯಿ ತೆರೆದ. ಕೇಳಿದ್ದೇನು ಗೊತ್ತೇ?

"ವಾಚು ಸರಿಯಾಗಿ ನಡೀತಿದೆಯಾ?"

"ಫಸ್ಟ್ ಕ್ಲಾಸು ಮಾವ."

ಮಗಳು ಕೇಳಿಸಿಕೊಂಡಳು. ಒಳಗೆ ಹೋದಳು. ಅಂದಿನಿಂದ ಇಂದಿನವರೆಗೆ ಅವಳು ಅಪ್ಪನಿಗೆ ಒಂದೇ ಒಂದು ದೂರು ಹೇಳಿಲ್ಲ. ಫೋನು ಮಾಡಿದರೆ "ಚೆನ್ನಾಗಿದೀನಪ್ಪ" ಎನ್ನುತ್ತಾಳೆ. ಅದು ಸುಳ್ಳೆಂದು ಅವನಿಗೆ ಗೊತ್ತು. ಅವನಿಗೆ ಗೊತ್ತೆಂದು ಅವಳಿಗೂ ಗೊತ್ತು. "ಸರಿ ತಾಯಿ" ಎಂದು ಫೋನು ಇಡುತ್ತಾನೆ.

ಆಮೇಲೆ? ಆಮೇಲೆ ಏನಾಯಿತು ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೀರಿ. ಅಳಿಯನಿಗೆ ಬುದ್ಧಿ ಬಂತು, ಅಪ್ಪನಿಗೆ ಜ್ಞಾನೋದಯವಾಯಿತು ಎಂದು ನಾನು ಹೇಳಬೇಕು, ನೀವು ಕೈಮುಗಿದು ಪ್ರಸಾದ ತಿಂದು ಹೋಗಬೇಕು. ಏನೂ ಆಗಲಿಲ್ಲ. ಅವಳು ಈಗಲೂ ಆ ಮನೆಯಲ್ಲೇ ಇದ್ದಾಳೆ. ಈ ಕಥೆಯನ್ನು ನಾನು ಎಷ್ಟೋ ಊರುಗಳಲ್ಲಿ ಹೇಳಿದ್ದೇನೆ. ಎಲ್ಲ ಕಡೆ ಜನ ತಲೆದೂಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಮನೆಗೆ ಹೋಗಿ ಅದನ್ನೇ ಮಾಡುತ್ತಾರೆ. ನೀವು ಬೇರೆ ಮಾಡುತ್ತೀರೆಂಬ ನಂಬಿಕೆ, ನಿಜ ಹೇಳುತ್ತೇನೆ, ನನಗೆ ಹೆಚ್ಚು ಉಳಿದಿಲ್ಲ. ಆದರೂ ಹೇಳುವುದು ನನ್ನ ಕೆಲಸ.

ಮಗಳು "ಅಪ್ಪಾ" ಎಂದಾಗ ಕೈಯಲ್ಲಿರುವುದನ್ನು ಕೆಳಗಿಡಿ, ಅವಳ ಮುಖ ನೋಡಿ. ಗಂಡು ನೋಡಲು ಹೋದಾಗ, ಅವನು ನಿಮ್ಮ ಕಾಲಿಗೆ ಹೇಗೆ ಬಿದ್ದ ಎಂದು ನೋಡಬೇಡಿ. ತಿರುಗಿ ಹೊಡೆಯಲಾರದವರ ಹತ್ತಿರ ಹೇಗೆ ನಡೆದುಕೊಳ್ಳುತ್ತಾನೆ ಎಂದು ನೋಡಿ. ಭಯ ಆಗುತ್ತದೆ ಎಂದು ಹುಡುಗಿ ಹೇಳಿದರೆ ಛತ್ರಕ್ಕೆ ಕೊಟ್ಟ ಮುಂಗಡ ಹೋದರೆ ಹೋಗಲಿ. ಹೊಂದಿಕೊಂಡು ಹೋಗು ಎಂಬ ಮಾತನ್ನು ಇವತ್ತಿನಿಂದಲೇ ಬಿಟ್ಟುಬಿಡಿ.

ಇನ್ನು, ಈಗಾಗಲೇ ಮಗಳನ್ನು ಕಾರಿನಲ್ಲೋ ಬಸ್ಸಿನಲ್ಲೋ ವಾಪಸು ಬಿಟ್ಟು ಬಂದವರು ಈ ಸಭೆಯಲ್ಲಿದ್ದೀರಿ. ತಲೆ ತಗ್ಗಿಸಿದವರು ನನಗೆ ಇಲ್ಲಿಂದಲೇ ಕಾಣುತ್ತಿದ್ದೀರಿ. ನೀವು ಮಂಗಳಾರತಿಗೆ ಕಾಯಬೇಡಿ, ಪ್ರಸಾದಕ್ಕೆ ನಿಲ್ಲಬೇಡಿ. ಈಗಲೇ ಎದ್ದು ಹೋಗಿ ಅವಳನ್ನು ಕರೆದುಕೊಂಡು ಬನ್ನಿ.